ಸೀಲು ಬೇಡದ ಕಾನೂನು ಬರೆದ ನಾವು ಮೂವರು

ಕಾನೂನಿನ ಕೆಲಸ ಅಂದ ಕೂಡಲೇ ಜನ ಮುಖ ಗಂಟು ಹಾಕಿಕೊಳ್ಳುತ್ತಾರೆ. ನಾನಂತೂ ಈ ಕೆಲಸದಲ್ಲಿ ನಕ್ಕಷ್ಟು ಇನ್ನೆಲ್ಲೂ ನಕ್ಕಿಲ್ಲ. ತಮಾಷೆಯನ್ನು ನಾನು ಹುಡುಕಿಕೊಂಡು ಹೋಗಬೇಕಾಗಿಯೇ ಇಲ್ಲ. ನಾನಿರುವ ಮನೆಯ ವಿಳಾಸ ಕೇಳಿಕೊಂಡು ಅದೇ ಬರುತ್ತದೆ.

ಮೊದಲು ನಮ್ಮ ಕೆಲಸ ಏನೆಂದು ಹೇಳಿಬಿಡುತ್ತೇನೆ. ಪರ್ತ್‌ನ ಕ್ಯಾನಿಂಗ್ ವೇಲ್‌ನಲ್ಲಿ ಒಂದು ಟೈಲ್ಸ್ ಅಂಗಡಿ, ಅದರ ಮಹಡಿಯಲ್ಲಿ ನಮ್ಮ ಪುಟ್ಟ ಆಫೀಸು. ಪೋರ್ಚುಗೀಸರು ಆಳಿ ಬಿಟ್ಟುಹೋದ ಬಡ ದೇಶಗಳು ಉಂಟಲ್ಲ, ತಿಮೋರ್, ಮೊಜಾಂಬಿಕ್, ಕೇಪ್ ವರ್ಡೆ ಅಂತ, ಅಲ್ಲಿ ಕಾನೂನೆಲ್ಲ ಇವತ್ತಿಗೂ ಪೋರ್ಚುಗೀಸಿನಲ್ಲೇ. ಅಂಗಡಿ ತೆರೆಯುವುದಕ್ಕೆ, ಕಂಪನಿ ಕಟ್ಟುವುದಕ್ಕೆ, ಕಟ್ಟಿದ್ದನ್ನು ಮುಚ್ಚುವುದಕ್ಕೆ ಅಜ್ಜನ ಕಾಲದ ನಿಯಮಗಳು. ಅವನ್ನು ಸರಳ ಮಾಡಿ ಹೊಸದಾಗಿ ಬರೆಯಲು ಆ ಸರಕಾರಗಳಿಗೆ ನೆರವಾಗುವುದು ನಮ್ಮ ಕೆಲಸ.

ಇಷ್ಟನ್ನೂ ಒಮ್ಮೆ ಕನ್ನಡ ಸಂಘದ ರಾಜ್ಯೋತ್ಸವದಲ್ಲಿ ಬೆಂಗಳೂರಿನ ಸಾಫ್ಟ್‌ವೇರ್ ಹುಡುಗನೊಬ್ಬನಿಗೆ ವಿವರಿಸಿದೆ. ಬಿಸಿಬೇಳೆಬಾತಿನ ತಟ್ಟೆ ಹಿಡಿದುಕೊಂಡು ಪೂರ್ತಿ ಕೇಳಿದ. ಆಮೇಲೆ, "ಅಲ್ಲಾ ಆಂಟಿ, ನಮ್ಮೂರಲ್ಲಿ ಮಾಡಿರೋ ಕಾನೂನನ್ನೇ ಯಾರೂ ಕೇಳಲ್ಲ, ನೀವು ಎಕ್ಸ್‌ಪೋರ್ಟ್ ಬೇರೆ ಮಾಡ್ತಿದೀರಾ?" ಅಂದ.

ಆ ಆಫೀಸು ಈಗ ಇಲ್ಲ. ಮಹಡಿಯನ್ನೂ ಟೈಲ್ಸ್‌ನವರೇ ತೆಗೆದುಕೊಂಡು ಅಲ್ಲಿ ನಲ್ಲಿ, ಶವರ್ ಇಟ್ಟಿದ್ದಾರೆ. ಆ ಕಡೆ ಕಾರಿನಲ್ಲಿ ಹೋಗುವಾಗ ಕತ್ತೆತ್ತಿ ಕಿಟಕಿ ನೋಡುತ್ತೇನೆ. ಹಿಂದಿನವನು ಹಾರ್ನ್ ಹೊಡೆಯುತ್ತಾನೆ. ನಾವು ಮೂವರು ಅಲ್ಲಿ ಎಷ್ಟು ಸಂತೋಷವಾಗಿದ್ದೆವು ಅನ್ನುವುದು ಅವನಿಗೆ ಹೇಗೆ ಗೊತ್ತಾಗಬೇಕು?

ಹೆಸರು ನೋಡಿ ಕೊಟ್ಟ ಕೆಲಸ

ನನ್ನ ಊರು ಬೆಳ್ಮಣ್. ಮನೆಮಾತು ಕೊಂಕಣಿ, ಓದಿದ್ದು ಕನ್ನಡ ಮೀಡಿಯಂ, ವಕೀಲಿ ಮಾಡಿದ್ದು ಮಂಗಳೂರಿನಲ್ಲಿ. ಆಮೇಲೆ ಗಂಡನ ಜೊತೆ ಬಹ್ರೇನ್, ಅಲ್ಲಿಂದ ಪರ್ತ್. ಕರಾವಳಿಯ ಕೆಥೊಲಿಕರಾದ ನಮ್ಮ ಅಡ್ಡಹೆಸರುಗಳು ನಿಮಗೆ ಗೊತ್ತೇ ಇವೆ. ಎಷ್ಟೋ ತಲೆಮಾರುಗಳ ಹಿಂದೆ ಗೋವೆಯಲ್ಲಿ ಯಾರೋ ಪಾದ್ರಿ ಇಟ್ಟದ್ದು. ಲಿಸ್ಬನ್ನಿನ ಪೇಟೆಯಲ್ಲಿ ನಿಂತು ನನ್ನ ಅಡ್ಡಹೆಸರು ಕೂಗಿದರೆ ಹತ್ತು ಜನ ತಿರುಗಿ ನೋಡಿಯಾರು.

ಇಂಟರ್‌ವ್ಯೂ ಮಾಡಿದವರು ನಮ್ಮ ಬಾಸ್. ಅಡಿಲೇಡ್ ಕಡೆಯ ಹಿರಿಯ ವಕೀಲರು, ತಲೆ ಪೂರ್ತಿ ಬೆಳ್ಳಗೆ, ಚಳಿಯಿರಲಿ ಮಳೆಯಿರಲಿ ಮೊಣಕಾಲಿನವರೆಗಿನ ಚಡ್ಡಿ. ನನ್ನ ಹೆಸರು ಓದಿ ಅವರ ಮುಖ ಅರಳಿತು. "ಕೊನೆಗೂ ಪೋರ್ಚುಗೀಸ್ ಬರುವ ವಕೀಲೆ ಸಿಕ್ಕಿದಳು!" ಅಂದರು.

"ಸರ್, ನನಗೆ ಪೋರ್ಚುಗೀಸ್ ಬರುವುದಿಲ್ಲ."

"ಇಂಡಿಯಾದವರ ಈ ವಿನಯ ನನಗೆ ಬಹಳ ಇಷ್ಟ."

"ವಿನಯ ಅಲ್ಲ ಸರ್. ನಿಜವಾಗಿಯೂ ಬರುವುದಿಲ್ಲ."

"ನೋಡಿದೆಯಾ, ಮತ್ತೆ ಅದೇ ವಿನಯ!" ಅಂದು ಕೈ ಕುಲುಕಿ ಕೆಲಸ ಕೊಟ್ಟೇಬಿಟ್ಟರು.

ಮೊದಲ ವಾರದಲ್ಲೇ ಅವರ ಭ್ರಮೆ ಹರಿಯಿತು. ಬೈಯಲಿಲ್ಲ. ಕಂಪನಿ ಕಾನೂನು ಚೆನ್ನಾಗಿ ಗೊತ್ತಲ್ಲ, ಸಾಕು ಅಂದರು. ಭಾಷೆಗೆಂದು ಇನ್ನೊಬ್ಬರನ್ನು ತಂದರು. ಅವಳು ತಿಮೋರಿನವಳು. ಗಲಭೆಯ ಕಾಲದಲ್ಲಿ ಊರು ಬಿಟ್ಟು ಪರ್ತ್‌ಗೆ ಬಂದು, ಮಕ್ಕಳನ್ನು ಬೆಳೆಸಿ, ವರ್ಷಗಟ್ಟಲೆ ದುಭಾಷಿಯಾಗಿ ದುಡಿದವಳು. ವಯಸ್ಸಿನಲ್ಲಿ ನನಗಿಂತ ದೊಡ್ಡವಳು, ಹಾಗಾಗಿ ಅಕ್ಕ ಅಂತ ಕರೆದೆ. ಅದರ ಅರ್ಥ ಕೇಳಿದ ಬಾಸ್ ಮರುದಿನದಿಂದ ತಾವೂ ಅಕ್ಕ ಅನ್ನಲು ಶುರು ಮಾಡಿದರು, ಅವಳಿಗಿಂತ ಹತ್ತು ವರ್ಷ ದೊಡ್ಡವರಾಗಿದ್ದರೂ.

ತಿಮೋರಿನಿಂದ ಬಂದ ಮೊದಲ ತಂಡದಲ್ಲಿ ಒಬ್ಬ ನೋಟರಿ ಇದ್ದರು. ನಮ್ಮಲ್ಲಿ ಕೋರ್ಟಿನ ಎದುರು ಕೊಡೆ ಬಿಡಿಸಿ ಕೂರುವ ನೋಟರಿ ಅಂತ ತಿಳಿಯಬೇಡಿ. ಆ ಪದ್ಧತಿಯಲ್ಲಿ ನೋಟರಿ ಅಂದರೆ ದೊಡ್ಡ ಮನುಷ್ಯ. ಅವರ ಸೀಲು ಬೀಳದೆ ಒಂದು ಕಂಪನಿ ಹುಟ್ಟುವ ಹಾಗಿಲ್ಲ, ಸಾಯುವ ಹಾಗೂ ಇಲ್ಲ. ಕಪ್ಪು ಸೂಟು, ದಪ್ಪ ಕನ್ನಡಕ, ಸೀಲನ್ನು ಮಖಮಲ್ಲಿನ ಚೀಲದಲ್ಲಿ ಜೇಬಿನಲ್ಲೇ ಇಟ್ಟುಕೊಂಡಿದ್ದರು.

ನನ್ನ ಹೆಸರು ಕೇಳಿದ್ದೇ ತಡ, ಎರಡೂ ಕೈ ಹಿಡಿದುಕೊಂಡು ಪೋರ್ಚುಗೀಸಿನಲ್ಲಿ ಮಾತು ಸುರಿಸತೊಡಗಿದರು. ನಾನು ಚರ್ಚಿನ ಪೂಜೆಯಲ್ಲಿ ಪಾದ್ರಿಯ ಪ್ರಸಂಗ ಕೇಳುವ ಮುಖ ಮಾಡಿ ತಲೆ ಆಡಿಸಿದೆ. ಕೊನೆಗೆ ಅಕ್ಕ ಹೇಳಿದಳು, "ನಿಮ್ಮ ಅಜ್ಜ ಪೋರ್ಚುಗಲ್ಲಿನ ಯಾವ ಊರಿನವರು ಅಂತ ಕೇಳ್ತಿದ್ದಾರೆ."

"ಬೆಳ್ಮಣ್" ಅಂದೆ.

ನೋಟರಿ ಕಣ್ಣು ಮುಚ್ಚಿ ಬಹಳ ಯೋಚಿಸಿದರು. ಆಮೇಲೆ, ಆ ಹೆಸರು ಕೇಳಿದ ಹಾಗಿದೆ, ಉತ್ತರದ ಕಡೆ ಇರಬೇಕು ಅಂದರು.

"ಹೌದು," ಅಂದೆ, "ಮಂಗಳೂರಿಗೆ ಉತ್ತರ."

ತಂಗಿಗೆ ಆಗುತ್ತಾ?

ಅಕ್ಕನಿಗೆ ಒಬ್ಬಳು ತಂಗಿ. ಅವಳು ಊರು ಬಿಡಲಿಲ್ಲ. ತಿಮೋರಿನ ಗುಡ್ಡದ ಮೇಲಿನ ಒಂದು ಹಳ್ಳಿಯಲ್ಲಿ ಅಂಗಡಿ. ಅಕ್ಕಿ, ಮೇಣದಬತ್ತಿ, ಸಾಬೂನು, ನೂಡಲ್ಸ್ ಪ್ಯಾಕೆಟ್ಟು. ಗಂಡ ತೀರಿಕೊಂಡ ಮೇಲೆ ಅಂಗಡಿಯನ್ನು ನಡೆಸಿದ್ದು ಅವಳು, ಆದರೆ ಅಂಗಡಿ ಇದ್ದದ್ದು ಮೈದುನನ ಹೆಸರಿನಲ್ಲಿ. ಮೈದುನ ಕೆಟ್ಟವನಲ್ಲವಂತೆ. ಆದರೆ ಸಾರಿಗೆ ಉಪ್ಪು ಹೆಚ್ಚಾದರೂ, "ನೆನಪಿರಲಿ, ಅಂಗಡಿ ನನ್ನ ಹೆಸರಲ್ಲಿದೆ" ಅನ್ನುತ್ತಿದ್ದ. ಹೊರಗೆ ಬೋರ್ಡಿನಲ್ಲೂ ಅವನದೇ ಹೆಸರು.

ತನ್ನ ಹೆಸರಿಗೆ ಮಾಡಿಸಿಕೊಳ್ಳಲು ಅವಳು ಕಡಿಮೆ ಓಡಾಡಿದವಳಲ್ಲ. ಊರ ಮುಖಂಡನ ಸೀಲು, ಜಿಲ್ಲೆಯ ಸೀಲು, ತೆರಿಗೆಯ ಸೀಲು, ಕೊನೆಗೆ ರಾಜಧಾನಿಗೆ ಹೋಗಿ ನೋಟರಿಯ ಸೀಲು. ರಸ್ತೆಯೋ ದೇವರಿಗೇ ಪ್ರೀತಿ. ಕೊನೆಯ ಸೀಲಿನ ಹತ್ತಿರ ಬರುವಷ್ಟರಲ್ಲಿ ಮೊದಲನೆಯ ಸೀಲಿನ ಅವಧಿ ಮುಗಿದಿರುತ್ತಿತ್ತು. ಮತ್ತೆ ಗುಡ್ಡ ಹತ್ತು.

ಅಕ್ಕ ಕೆಲಸಕ್ಕೆ ಸೇರಿದ ದಿನವೇ ಬಾಸ್‌ಗೆ ಹೇಳಿದಳು, "ನಿಮ್ಮ ದೊಡ್ಡ ದೊಡ್ಡ ಕಾನೂನು ನನಗೆ ಅರ್ಥ ಆಗಲ್ಲ ಸರ್. ನನ್ನ ತಂಗಿಯ ಅಂಗಡಿಗೆ ಅವಳ ಹೆಸರು ಬರಬೇಕು. ಅದಾದರೆ ನಿಮ್ಮ ಕಾನೂನು ಒಳ್ಳೇದು ಅಂತ ಒಪ್ಪಿಕೊಳ್ತೀನಿ."

ಬಾಸ್ ಎದ್ದುಹೋಗಿ ಗೋಡೆಯ ಬಿಳಿ ಬೋರ್ಡಿನ ಮೇಲೆ ದಪ್ಪಕ್ಷರದಲ್ಲಿ ಬರೆದರು: ತಂಗಿಗೆ ಆಗುತ್ತಾ? ಆಫೀಸು ಮುಚ್ಚುವವರೆಗೂ ಅದನ್ನು ಯಾರೂ ಒರೆಸಲಿಲ್ಲ. ನಾನು ಒಂದೊಂದು ಕಲಮು ಬರೆದು ತಂದಾಗಲೂ ಅವರು ಬೋರ್ಡಿನ ಕಡೆ ಬೆರಳು ತೋರಿಸುತ್ತಿದ್ದರು. ತಂಗಿಗೆ ಆಗುವುದಿಲ್ಲ ಅಂದರೆ ಆ ಕಲಮು ಕಸದಬುಟ್ಟಿಗೆ.

ಅವರ ತೀರ್ಮಾನ ಸರಳವಾಗಿತ್ತು. ಸೀಲೇ ಬೇಡ. ಒಂದು ಅರ್ಜಿ, ಒಂದು ಸಹಿ, ಕಂಪ್ಯೂಟರಿನಿಂದ ಒಂದು ಸರ್ಟಿಫಿಕೇಟು. ಸೀಲು ಅಂದರೆ ಅವರಿಗೆ ಮೈ ಉರಿಯುತ್ತಿತ್ತು. ನಾನು ಮಾತ್ರ, "ಸರ್, ಸೀಲಿಲ್ಲದ ಕಾಗದವನ್ನು ನಮ್ಮಂಥವರು ನಂಬುವುದಿಲ್ಲ" ಅಂದೆ.

"ಯಾಕೆ ನಂಬುವುದಿಲ್ಲ?"

ನಾನು ನಮ್ಮಪ್ಪನ ಕತೆ ಹೇಳಿದೆ. ನನ್ನ ಮದುವೆಯಾದ ಸಂಜೆ ಇಗರ್ಜಿಯ, ಅಂದರೆ ಚರ್ಚಿನ, ಮದುವೆ ಸರ್ಟಿಫಿಕೇಟು ಕೈಗೆ ಬಂತು. ಅಪ್ಪ ಅದನ್ನು ದೀಪಕ್ಕೆ ಹಿಡಿದು ನೋಡಿ, ಸೀಲು ಮಸುಕಾಗಿದೆ, ಇದು ಮದುವೆಯೇ ಅಲ್ಲ ಅಂದುಬಿಟ್ಟರು. ಬ್ಯಾಂಡಿನವರು ನಿಂತಿದ್ದಾರೆ, ಮದುಮಗ ನಿಂತಿದ್ದಾನೆ, ಊಟ ಆರುತ್ತಿದೆ. ಅಪ್ಪ ಹೋಗಿ ಊಟಕ್ಕೆ ಕೂತಿದ್ದ ಪಾದ್ರಿಯನ್ನು ಎಬ್ಬಿಸಿಕೊಂಡು ಬಂದರು. ಹೊಸ ಶಾಯಿಯಲ್ಲಿ, ನೇರಳೆ ಬಣ್ಣದಲ್ಲಿ, ಎದ್ದು ಕಾಣುವ ಹಾಗೆ ಇನ್ನೊಂದು ಸೀಲು ಬಿತ್ತು. ಆಮೇಲೆಯೇ ನಾನು ಗಂಡನ ಪಕ್ಕ ಕೂರಬಹುದು ಅಂತಾಯಿತು.

ಬಾಸ್ ಕಣ್ಣೊರೆಸಿಕೊಂಡು ನಕ್ಕರು. "ಅಷ್ಟು ಹೊತ್ತು ನಿನ್ನ ಗಂಡ ಏನು ಮಾಡುತ್ತಿದ್ದ?"

"ಅವರಿಗೂ ಸಂಶಯ ಬಂದಿತ್ತು ಸರ್. ದೂರ ಸರಿದು ನಿಂತಿದ್ದರು."

ಕ್ಯಾನಿಂಗ್ ವೇಲ್‌ಗೆ ಬಂದ ರಾಣಿ

ಮಗಳು ಆಗ ಪ್ರೈಮರಿ ಸ್ಕೂಲು. ನಾವು ಕೊಂಕಣಿಯಲ್ಲೋ ಕನ್ನಡದಲ್ಲೋ ಕೇಳಿದರೆ ಇಂಗ್ಲಿಷಿನಲ್ಲಿ ಉತ್ತರ ಕೊಡುವ ಜಾತಿ. ಪೇರೆಂಟ್ಸ್ ಮೀಟಿಂಗಿಗೆ ಹೋದರೆ ಅವಳ ಟೀಚರ್ ಎದ್ದು ನಿಂತು ಕುರ್ಚಿ ಎಳೆದುಕೊಟ್ಟರು. ಬಾಗಿಲು ಹಾಕಿದರು. ದನಿ ತಗ್ಗಿಸಿ, "ಇಲ್ಲಿ ನಿಮಗೆ ಭದ್ರತೆಗೇನೂ ತೊಂದರೆ ಇಲ್ಲ ತಾನೇ?" ಅಂತ ಕೇಳಿದರು.

ನಾನು ಏನೋ ಸೈಕಲ್ ಕಳವಿನ ವಿಷಯ ಇರಬೇಕು ಅಂದುಕೊಂಡು, "ಇಲ್ಲ, ನೆರೆಹೊರೆ ಒಳ್ಳೇದು" ಅಂದೆ.

"ಎಲ್ಲ ಬಿಟ್ಟು ಬರುವುದು ಕಷ್ಟ ಆಗಿರಬೇಕು."

"ಹೌದು, ಮಿಕ್ಸಿ ಮಾತ್ರ ತಂದೆವು."

ಅವರ ಕಣ್ಣು ತುಂಬಿತು. ಆಮೇಲೆ ಮಗಳು ನನ್ನ ಬಗ್ಗೆ ಬರೆದಿದ್ದ ಪ್ರಬಂಧ ತೋರಿಸಿದರು. ಅದರಲ್ಲಿ ಹೀಗಿತ್ತು: ನನ್ನ ಅಮ್ಮ ಒಂದು ಇಡೀ ದೇಶಕ್ಕೆ ಕಾನೂನು ಮಾಡುತ್ತಾಳೆ. ಅವಳು ಬೇಡ ಅಂದರೆ ಕಂಪನಿಗಳು ಮುಚ್ಚುತ್ತವೆ. ನಾವು ಕ್ಯಾನಿಂಗ್ ವೇಲ್‌ನಲ್ಲಿ ಇದ್ದೇವೆ ಅಂತ ಆ ದೇಶದವರಿಗೆ ಗೊತ್ತಿಲ್ಲ.

ಕೆಳಗೆ ಟೀಚರ್ ಒತ್ತಿದ ಒಂದು ಸೀಲು. ಇಲ್ಲಿಯ ಶಾಲೆಗಳಲ್ಲಿ ಮಕ್ಕಳಿಗೆ ಹಾಗೆ ಒತ್ತುತ್ತಾರೆ. ಬಾಯಿ ತೆರೆದು ನಗುವ ಕೂಕಬರ ಹಕ್ಕಿ, ಸುತ್ತ ಅರ್ಧಚಂದ್ರದಲ್ಲಿ 'ಗ್ರೇಟ್ ವರ್ಕ್!' ಅಂತ.

ಮನೆಗೆ ಬಂದು ಅತ್ತೆಗೆ ಓದಿ ಹೇಳಿದೆ. ನಮ್ಮ ಅತ್ತೆ ಮಂಗಳೂರಿನಿಂದ ಬಂದು ನಮ್ಮ ಜೊತೆಗೇ ಇದ್ದವರು, ಅಂಗಳದಲ್ಲಿ ಬಸಳೆ ಬೆಳೆಸಿ ಇಡೀ ಬೀದಿಗೆ ಹಂಚಿದವರು. ಹಾಳೆಯನ್ನು ದೂರ ಹಿಡಿದು ಹಕ್ಕಿಯನ್ನು ನೋಡಿದರು.

"ಇದರಲ್ಲಿರುವುದು ಪೂರಾ ಸುಳ್ಳು ಅತ್ತೆ. ಟೀಚರ್ ನನ್ನನ್ನು ದೇಶ ಬಿಟ್ಟು ಓಡಿಬಂದ ರಾಣಿ ಅಂದುಕೊಂಡಿದ್ದಾರೆ" ಅಂದೆ.

"ಈಗ ಹೇಳಿ ಎಂತ ಪ್ರಯೋಜನ?" ಅಂದರು. "ಸೀಲು ಬಿದ್ದಾಗಿದೆ. ನೀನು ರಾಣಿಯೇ."

ಬ್ರಿಸ್ಬೇನಿನಲ್ಲಿ ಒಂದು ದಿವಾಳಿ

ಎಲ್ಲ ದೇಶಗಳವರನ್ನೂ ಸೇರಿಸಿ ಬ್ರಿಸ್ಬೇನಿನಲ್ಲಿ ಒಂದು ಕಮ್ಮಟ ಮಾಡಿದೆವು. ನದಿ ಕಾಣುವ ಹಾಲು, ಒಳಗೆ ಹಲ್ಲು ಕಟಕಟಿಸುವ ಏಸಿ. ವಿಷಯ, ಮುಳುಗಿದ ಕಂಪನಿಯನ್ನು ಕಾನೂನಿನ ಪ್ರಕಾರ ಮುಚ್ಚುವುದು ಹೇಗೆ. ಬಾಸ್ ಅದಕ್ಕೊಂದು ನಾಟಕ ಹೊಸೆದಿದ್ದರು. ಒಂದು ಐಸ್ ಫ್ಯಾಕ್ಟರಿ ದಿವಾಳಿಯಾಗಿದೆ. ಮೊಜಾಂಬಿಕ್‌ನ ನ್ಯಾಯಾಧೀಶೆ ಅದರ ಒಡತಿ. ಕೇಪ್ ವರ್ಡೆಯವರು ದೋಣಿಗಳ ಯಜಮಾನರು, ಅವರಿಗೆ ಫ್ಯಾಕ್ಟರಿಯಿಂದ ಬಾಕಿ ಬರಬೇಕು. ಎಲ್ಲವನ್ನೂ ಮುಚ್ಚಿ ಬಾಗಿಲಿಗೆ ಬೀಗ ಹಾಕುವ ಅಧಿಕಾರಿ ನಮ್ಮ ನೋಟರಿ. ಬೆಳಿಗ್ಗೆ ನಿಯಮ ಕಲಿಸಿದ್ದೆವು. ಸಂಜೆಯೊಳಗೆ ಅವರೇ ಕಂಪನಿ ಮುಚ್ಚಬೇಕು.

"ಮಧ್ಯಾಹ್ನದ ಮೇಲೆ ಅವರನ್ನು ಅವರಷ್ಟಕ್ಕೆ ಬಿಡೋಣ" ಅಂತ ಬಾಸ್ ನನ್ನನ್ನು ಕರೆದುಕೊಂಡು ಲ್ಯಾಮಿಂಗ್ಟನ್ ಕೇಕು ತರಲು ಹೋದರು. ನಾವು ವಾಪಸು ಬರುವಾಗ ಕಾರಿಡಾರಿಗೇ ಹಾಡು ಕೇಳುತ್ತಿತ್ತು. ಒಳಗೆ ಎಲ್ಲರೂ ಎದ್ದು ನಿಂತು ಚಪ್ಪಾಳೆ ಹಾಕಿ ಹಾಡುತ್ತಿದ್ದಾರೆ. ನೋಟರಿ ಒಂದು ಹಾಳೆಗೆ ಸೀಲು ಒತ್ತುತ್ತಿದ್ದಾರೆ.

ಆದದ್ದು ಇಷ್ಟೇ. ನಾವು ಅತ್ತ ಹೋದ ಕೂಡಲೇ ದೋಣಿ ಯಜಮಾನರೊಬ್ಬರು ಒಡತಿಯನ್ನು ಕೇಳಿದರಂತೆ, ನಿಮ್ಮ ದೊಡ್ಡ ಮಗಳ ಗಾಡ್‌ಫಾದರ್ ಯಾರು? ಬಾಸ್ ಅದನ್ನು ಬರೆದುಕೊಟ್ಟಿರಲಿಲ್ಲ. ಹಾಗಾದರೆ ನಾನೇ ಅಂದರು ಯಜಮಾನರು. ಚರ್ಚಿನಲ್ಲಿ ಹೆಸರಿಡುವ ಜ್ಞಾನಸ್ನಾನದಲ್ಲಿ ಮಗುವನ್ನು ಎತ್ತಿ ಹಿಡಿದವನು ಆ ಮಗುವಿನ ತಾಯಿಯ ಮೇಲೆ ಕೇಸು ಹಾಕುವುದುಂಟೇ? ಛೇ! ಅಲ್ಲಿಂದ ಮಾತು ಬೆಳೆದು, ಇನ್ನೊಬ್ಬ ಯಜಮಾನರಿಗೆ ಮದುವೆಗೆ ಬಂದ ಮಗನಿದ್ದಾನೆ ಅಂತಾಯಿತು. ನೋಟರಿ ಮಧ್ಯಸ್ಥಿಕೆ ವಹಿಸಿದರು. ಇಲ್ಲದ ಫ್ಯಾಕ್ಟರಿಯ ಒಡತಿಯ ಇಲ್ಲದ ಮಗಳಿಗೆ ಇಲ್ಲದ ಗಂಡನ್ನು ಗೊತ್ತು ಮಾಡಿ ನಿಶ್ಚಿತಾರ್ಥವನ್ನೂ ಮುಗಿಸಿದ್ದರು. ನನಗೆ ಇದರಲ್ಲಿ ಆಶ್ಚರ್ಯ ಏನೂ ಕಾಣಲಿಲ್ಲ. ನಮ್ಮ ಬೆಳ್ಮಣ್‌ನಲ್ಲೂ ಅರ್ಧ ಕೇಸುಗಳು ಮುಗಿಯುವುದು ಹೀಗೆಯೇ.

ಎಲ್ಲರೂ ನಗುತ್ತಿದ್ದಾಗ ಅಕ್ಕ ಮಾತ್ರ ನಗಲಿಲ್ಲ. "ಚೆನ್ನಾಗಿದೆ. ಆದರೆ ನನ್ನ ತಂಗಿಗೆ ಇಂಥ ಗಾಡ್‌ಫಾದರ್ ಯಾರೂ ಇಲ್ಲ. ಅದಕ್ಕೇ ಅವಳಿಗೆ ಕಾನೂನು ಬೇಕು" ಅಂದಳು. ಒಂದು ಕ್ಷಣ ಬಾಸ್ ಅವಳನ್ನೇ ನೋಡಿದರು. ಆಮೇಲೆ ಲ್ಯಾಮಿಂಗ್ಟನ್ ಪೆಟ್ಟಿಗೆಯನ್ನು ಮೇಜಿನ ಮೇಲೆ ಕುಕ್ಕಿ, "ಇದು ದಿವಾಳಿಯ ಅಭ್ಯಾಸ! ದಯವಿಟ್ಟು ಕಂಪನಿ ಮುಚ್ಚಿ!" ಅಂತ ಕೂಗಿದರು.

ಮೊಜಾಂಬಿಕ್‌ನ ನ್ಯಾಯಾಧೀಶೆ ತಲೆಯಾಡಿಸಿದರು. "ಈಗ ಹೇಗೆ ಮುಚ್ಚುವುದು? ಡಿಸೆಂಬರಿನಲ್ಲಿ ಮದುವೆ ಇಟ್ಟುಕೊಂಡಿದ್ದೇವೆ."

ಅತ್ತೆಯ ಕಾನೂನು ಸಲಹೆ

ಸೀಲು ತೆಗೆಯುವುದಕ್ಕೆ ದೊಡ್ಡ ಅಡ್ಡಿ ನಮ್ಮ ನೋಟರಿಯೇ. ಅವರು ಒಪ್ಪದೆ ಅಲ್ಲಿ ಯಾವ ಮಸೂದೆಯೂ ಮುಂದೆ ಹೋಗುವಂತಿರಲಿಲ್ಲ. ಒಳ್ಳೆಯ ಮನುಷ್ಯ, ಆದರೆ ಸೀಲಿನ ವಿಷಯ ಬಂದರೆ ಕಿವಿ ಮುಚ್ಚಿಕೊಳ್ಳುತ್ತಿದ್ದರು. ಅವರ ತಂದೆಯೂ ನೋಟರಿ, ಆ ಮಖಮಲ್ಲಿನ ಚೀಲ ತಂದೆಯದೇ. ಕೊನೆಯ ಮಾತುಕತೆಗೆಂದು ಪರ್ತ್‌ಗೆ ಬಂದಾಗ ಬಾಸ್ ಎರಡು ದಿನ ಸ್ಲೈಡ್ ತೋರಿಸಿದರು. ನೋಟರಿ ಕಿಟಕಿ ನೋಡಿದರು. ಅಕ್ಕನ ಮುಖ ಸಣ್ಣದಾಗುತ್ತಾ ಬಂತು. ಇದು ಕೈಬಿಟ್ಟರೆ ತಂಗಿಯ ಅಂಗಡಿಯೂ ಕೈಬಿಟ್ಟ ಹಾಗೆಯೇ.

ನನಗೆ ಬೇರೇನೂ ತೋಚಲಿಲ್ಲ, ಎಲ್ಲರನ್ನೂ ಊಟಕ್ಕೆ ಕರೆದೆ. ಅತ್ತೆ ಹಂದಿಮಾಂಸದ ಪದಾರ್ಥ ಮಾಡಿದ್ದರು, ಜೊತೆಗೆ ಬಿಸಿ ಬಿಸಿ ಸಾನ್ನ, ಅಂದರೆ ನಮ್ಮ ಕಡೆಯ ಬೆಳ್ಳಗಿನ ಇಡ್ಲಿ. ನೋಟರಿ ಒಂದು ತುತ್ತು ಬಾಯಿಗಿಟ್ಟು ನಿಧಾನಕ್ಕೆ ಕನ್ನಡಕ ತೆಗೆದರು. ಅವರ ಅಜ್ಜಿಯ ಕೈರುಚಿ ನೆನಪಾಯಿತಂತೆ. ಊಟ ಮುಗಿಸಿ ಅವರು ಅತ್ತೆಯ ಪಕ್ಕ ಹಿತ್ತಿಲ ಜಗಲಿಯಲ್ಲಿ ಕುಳಿತರು. ಅವರು ಪೋರ್ಚುಗೀಸಿನಲ್ಲಿ, ಅತ್ತೆ ಕೊಂಕಣಿಯಲ್ಲಿ. ಅಕ್ಕ ಸಹಾಯಕ್ಕೆ ಹೋದರೆ ಇಬ್ಬರೂ ಕೈ ಬೀಸಿ ಕಳಿಸಿಬಿಟ್ಟರು. ಸಂಜೆಯವರೆಗೂ ಮಾತು. ನೋಟರಿ ಒಮ್ಮೆ ಚೀಲದಿಂದ ಸೀಲು ತೆಗೆದು ತೋರಿಸಿದ್ದನ್ನು ನಾನು ಅಡುಗೆಮನೆಯಿಂದ ನೋಡಿದೆ. ಅತ್ತೆ ಅದನ್ನು ಕೈಯಲ್ಲಿ ತೂಗಿ ನೋಡಿ, ಅವರ ಮೊಣಕಾಲು ತಟ್ಟಿ, ಎರಡೂ ಕೈಯಿಂದ ಏನನ್ನೋ ನೆಲಕ್ಕಿಳಿಸಿದ ಹಾಗೆ ಮಾಡಿದರು. ಹೊರಡುವಾಗ ಅವರ ಕೈಗೆ ಒಂದು ಬಾಟಲಿ ಎಣ್ಣೆ ಕೊಟ್ಟರು.

ಮರುದಿನ ನೋಟರಿ ಆಫೀಸಿಗೆ ಬಂದವರೇ, ಸೀಲು ಬೇಡ, ನಾನು ಒಪ್ಪಿದ್ದೇನೆ ಅಂದರು. ಬಾಸ್ ಕುರ್ಚಿಯಿಂದ ಬೀಳುವುದೊಂದು ಬಾಕಿ. ನೋಟರಿ ನನ್ನ ಕಡೆ ತಿರುಗಿ ಎದೆಯ ಮೇಲೆ ಕೈಯಿಟ್ಟು ಹೇಳಿದ್ದನ್ನು ಅಕ್ಕ ಹೇಳಿದಳು, "ನಿಮ್ಮ ಅತ್ತೆ ನನ್ನ ಕಣ್ಣು ತೆರೆಸಿದರು. ಇಷ್ಟು ವರ್ಷ ಹೊತ್ತದ್ದು ಸಾಕು, ಇಳಿಸಿಬಿಡಿ ಅಂದರು."

ಮನೆಗೆ ಓಡಿಬಂದು ಕೇಳಿದೆ, "ಅತ್ತೆ, ಸೀಲಿನ ಬಗ್ಗೆ ನೀವು ಎಂತ ಹೇಳಿದ್ದು?"

"ಯಾವ ಸೀಲು? ಅವರಿಗೆ ಮಂಡಿನೋವಲ್ವಾ ಮಾರಾಯ್ತಿ. ಆ ಕಬ್ಬಿಣದ ತುಂಡನ್ನು ಜೇಬಲ್ಲಿ ಇಟ್ಕೊಂಡು ತಿರುಗಿದರೆ ನೋಯದೆ ಇರ್ತದಾ? ಭಾರ ಹೊರಬೇಡಿ, ಬೆಳ್ಳುಳ್ಳಿ ಹಾಕಿದ ಎಣ್ಣೆ ತಿಕ್ಕಿ ಅಂದೆ."

ಇದನ್ನು ಬಾಸ್‌ಗೆ ಹೇಳಿದೆ. ಅವರು ಯೋಚಿಸಿ, ಅಂತಿಮ ವರದಿಯಲ್ಲಿ ಒಂದು ಸಾಲು ಸೇರಿಸಿದರು: ಮಂಗಳೂರು ಮೂಲದ ಹಿರಿಯ ತಜ್ಞೆಯೊಬ್ಬರ ಅಮೂಲ್ಯ ಸಲಹೆಗೆ ನಾವು ಋಣಿಗಳು. ಅತ್ತೆಗೆ ಓದಿ ಹೇಳಿದಾಗ ಅವರು ಕೇಳಿದ್ದು ಒಂದೇ, "ಮಂಡಿ ಈಗ ಹೇಗುಂಟಂತೆ?"

ಮಾಡ್ಬರಿಯಲ್ಲಿ ಬಿದ್ದ ಸೀಲು

ಕಾನೂನು ಜಾರಿಗೆ ಬಂತು. ಕೆಲಸ ಮುಗಿದ ಆಫೀಸನ್ನು ಯಾರು ಸಾಕುತ್ತಾರೆ? ಮುಚ್ಚಿದೆವು. ಬಾಸ್‌ಗೆ ಎದೆಯ ಆಪರೇಷನ್ ಆಗಿ, ಆಸ್ಪತ್ರೆಗೆ ಹತ್ತಿರ ಅಂತ ಅಡಿಲೇಡಿನ ಮಾಡ್ಬರಿಯಲ್ಲಿ ಮನೆ ಮಾಡಿದರು. ಫೋನು ಮಾಡಿದಾಗಲೆಲ್ಲ ದನಿ ತಗ್ಗಿರುತ್ತಿತ್ತು. "ಏನು ಮಾಡ್ತಿದ್ದೀರಿ ಸರ್?" ಅಂದರೆ "ಗುಲಾಬಿಗೆ ನೀರು ಹಾಕುತ್ತಿದ್ದೇನೆ. ಅದಕ್ಕೆ ನನ್ನ ತಿದ್ದುಪಡಿಗಳು ಬೇಕಾಗಿಲ್ಲ" ಅನ್ನುತ್ತಿದ್ದರು. ಅಷ್ಟೆಲ್ಲ ಜೀವ ತೇದ ಮನುಷ್ಯನಿಗೆ ಆ ಕಾನೂನಿನಿಂದ ಯಾರಿಗಾದರೂ ಒಳ್ಳೆಯದಾಯಿತೇ ಅನ್ನುವುದೂ ಗೊತ್ತಾಗಿರಲಿಲ್ಲ.

ಕಳೆದ ಬೇಸಗೆಯಲ್ಲಿ ಅಕ್ಕನ ತಂಗಿ ಪರ್ತ್‌ಗೆ ಬಂದಳು. ಬಂದವಳು, ಮೊದಲು ಆ ಸಾಹೇಬರನ್ನು ನೋಡಬೇಕು ಅಂದಳಂತೆ. ನಾವು ಮೂವರೂ ಅಡಿಲೇಡಿಗೆ ಹೋಗಿ, ಬ್ಲೇರ್ ಅಥಾಲ್‌ನಲ್ಲಿರುವ ನನ್ನ ಚಿಕ್ಕಮ್ಮನ ಮಗಳ ಮನೆಯಲ್ಲಿ ಇಳಿದುಕೊಂಡೆವು. ಮರುದಿನ ಬೆಳಿಗ್ಗೆ ಮಾಡ್ಬರಿ.

ಬಾಸ್ ಸೊರಗಿದ್ದರು. ಚಡ್ಡಿ ಮಾತ್ರ ಅದೇ. ಅವರ ಹೆಂಡತಿ ಚಹಾ ತಂದರು. ತಂಗಿ ಸಣ್ಣ ಆಳು, ದೊಡ್ಡ ಕಣ್ಣು, ಮಾತು ಕಡಿಮೆ. ಚೀಲದಿಂದ ಬಟ್ಟೆಯಲ್ಲಿ ಸುತ್ತಿದ್ದ ಸರ್ಟಿಫಿಕೇಟು ತೆಗೆದು ಮೇಜಿನ ಮೇಲೆ ಬಿಡಿಸಿದಳು. ಕಂಪ್ಯೂಟರಿನಿಂದ ಬಂದ ಒಂದೇ ಹಾಳೆ. ಅಂಗಡಿಯ ಹೆಸರು. ಒಡತಿ ಅಂತ ಬರೆದ ಕಡೆ ಅವಳ ಹೆಸರು. ಸೀಲಿಲ್ಲ.

ಬಾಸ್ ಆ ಹೆಸರಿನ ಮೇಲೆ ಬೆರಳಿಟ್ಟು ಅಕ್ಷರ ಅಕ್ಷರ ಓದಿದರು. ಕಣ್ಣಲ್ಲಿ ನೀರು. ನನಗೂ ತಡೆಯಲಾಗಲಿಲ್ಲ.

ತಂಗಿ ಮಾತ್ರ ಅಳಲೂ ಇಲ್ಲ, ನಗಲೂ ಇಲ್ಲ. ಅಕ್ಕನಿಗೆ ಏನೋ ಉದ್ದವಾಗಿ ಹೇಳಿದಳು. ಅಕ್ಕ ಕೆಂಪಗಾಗಿ, ಅದನ್ನೆಲ್ಲ ಹೇಳುವುದಕ್ಕಾಗಲ್ಲ ಅಂದಳು. ತಂಗಿ ಮೊಣಕೈಯಿಂದ ತಿವಿದಳು.

"ಹೇಳು ಅಕ್ಕ" ಅಂದರು ಬಾಸ್.

"ಸರ್, ಊರಲ್ಲಿ ಇದನ್ನು ಯಾರೂ ನಂಬ್ತಿಲ್ಲವಂತೆ. ಜೆರಾಕ್ಸ್ ಅಂಗಡಿಯಲ್ಲಿ ಮದುವೆ ಕಾರ್ಡ್ ಮಾಡಿಸಿದ ಹಾಗಿದೆ, ಇಂಥದ್ದು ಯಾರು ಬೇಕಾದರೂ ಪ್ರಿಂಟ್ ಹಾಕಬಹುದು ಅಂತ ಮೈದುನ ನಗ್ತಾನಂತೆ. ಬೋರ್ಡ್ ಇಳಿಸಲ್ಲ ಅಂತಾನಂತೆ. ಕಾನೂನು ಮಾಡಿದವರು ನೀವೇ ಅಲ್ವಾ, ಅದಕ್ಕೇ..." ಅಕ್ಕ ತಲೆ ತಗ್ಗಿಸಿದಳು. "ಒಂದು ಸೀಲು ಹಾಕಿಕೊಡಬೇಕಂತೆ."

ಬಾಸ್ ಎದ್ದು ನಿಂತರು. "ಸೀಲು ಬೇಡ ಅನ್ನುವುದೇ ಕಾನೂನು! ಐದಾರು ವರ್ಷ ನಾವು ಬಡಿದಾಡಿದ್ದೇ ಅದಕ್ಕೆ!"

ಅಕ್ಕ ಅದನ್ನು ತಂಗಿಗೆ ಅವರ ಭಾಷೆಯಲ್ಲಿ ಹೇಳಿದಳು. ತಂಗಿ ಶಾಂತವಾಗಿ ಕೇಳಿಸಿಕೊಂಡು ಉತ್ತರ ಕೊಟ್ಟಳು.

"ಕಾನೂನಿಗೆ ಬೇಡ, ಗೊತ್ತು. ನನ್ನ ಮೈದುನನಿಗೆ ಬೇಕು ಅಂತಾಳೆ."

ಬಾಸ್ ಗೋಡೆಯ ಕಡೆ ತಿರುಗಿದರು. ಅಲ್ಲಿ ಬಿಳಿ ಬೋರ್ಡು ಇರಲಿಲ್ಲ, ಆದರೆ ಅವರು ಏನು ಓದುತ್ತಿದ್ದಾರೆ ಅಂತ ನನಗೂ ಅಕ್ಕನಿಗೂ ತಿಳಿಯಿತು. ಆಮೇಲೆ ಹೆಂಡತಿಯನ್ನು ಕೇಳಿದರು, "ಮನೆಯಲ್ಲಿ ಯಾವುದಾದರೂ ಸೀಲು ಇದೆಯಾ?"

ಅವರ ಹೆಂಡತಿ ಪ್ರೈಮರಿ ಸ್ಕೂಲ್ ಟೀಚರಾಗಿ ರಿಟೈರಾದವರು. ಒಳಗಿನಿಂದ ಒಂದು ಬಿಸ್ಕತ್ತಿನ ಡಬ್ಬಿ ತಂದರು. ಅದರಲ್ಲಿ ಕಾಂಗರೂ, ಕೋಲಾ, ನಕ್ಷತ್ರ. ಬಾಸ್ ಒಂದೊಂದನ್ನೇ ಎತ್ತಿ ನ್ಯಾಯಾಲಯಕ್ಕೆ ತಕ್ಕದ್ದು ಯಾವುದು ಅಂತ ನೋಡಿದರು. ತಂಗಿಯೇ ಕೈಹಾಕಿ ಆರಿಸಿದಳು. ಕೂಕಬರ ಹಕ್ಕಿ, ಗ್ರೇಟ್ ವರ್ಕ್. ಸುತ್ತ ಇಂಗ್ಲಿಷ್ ಅಕ್ಷರ ಇರುವುದು ಅದೊಂದೇ, ಅದೇ ಸರಕಾರಿ ಅನ್ನಿಸುತ್ತದೆ ಅಂದಳಂತೆ.

ಬಾಸ್ ನೇರಳೆ ಶಾಯಿಗೆ ಅದ್ದಿ, ಬಾಯಿಂದ ಹಬೆ ಕೊಟ್ಟು, ಜೀವಮಾನವಿಡೀ ಸೀಲನ್ನು ದ್ವೇಷಿಸಿದ ಕೈಯಿಂದ ಅವಳ ಹೆಸರಿನ ಪಕ್ಕ ಗಟ್ಟಿಯಾಗಿ ಒತ್ತಿದರು. ತಂಗಿ ಅದನ್ನು ಕಿಟಕಿಯ ಬೆಳಕಿಗೆ ಹಿಡಿದು ನೋಡಿದಳು, ಥೇಟ್ ನಮ್ಮಪ್ಪನ ಹಾಗೆ. ಆಗ ನಕ್ಕಳು.

ತಿಂಗಳೊಪ್ಪತ್ತಿನಲ್ಲಿ ಅಕ್ಕನ ವಾಟ್ಸ್ಯಾಪಿಗೆ ಫೋಟೊ ಬಂತು. ಮೈದುನ ಏಣಿ ಹತ್ತಿ ತನ್ನ ಕೈಯಾರೆ ಹೊಸ ಬೋರ್ಡು ಹೊಡೆಯುತ್ತಿದ್ದಾನೆ. ಬೋರ್ಡಿನಲ್ಲಿ ತಂಗಿಯ ಹೆಸರು. ಒಳಗೆ ಗೋಡೆಯ ಮೇಲೆ, ಗಾಜಿನ ಫ್ರೇಮಿನಲ್ಲಿ, ಸರ್ಟಿಫಿಕೇಟಿನಿಂದ ಕೂಕಬರ ನಗುತ್ತಿದೆ. ಅಕ್ಕ ಫೋನು ಹಿಡಿದುಕೊಂಡು ನಮ್ಮ ಮನೆಯ ಹೊಸ್ತಿಲಲ್ಲೇ ಕುಳಿತು ಅತ್ತಳು.

ಕತೆ ಅಲ್ಲಿಗೆ ಮುಗಿಯಬೇಕಿತ್ತು. ಆದರೆ ಅದಾದ ಮೇಲೆ ನೋಟರಿಯವರಿಂದ ನನಗೊಂದು ಇಮೇಲ್ ಬಂತು, ಬಹಳ ಗಂಭೀರವಾಗಿ. ನಮ್ಮ ಹೊಸ ಕಾನೂನಿನಲ್ಲಿ ಸೀಲಿಲ್ಲವಷ್ಟೆ. ಆದರೆ ಆ ಗುಡ್ಡದ ಕಡೆಯ ಅಂಗಡಿಯವರೆಲ್ಲ ನೋಂದಣಿ ಆಫೀಸಿಗೆ ಬಂದು, ಹಕ್ಕಿ ಇಲ್ಲದ ಸರ್ಟಿಫಿಕೇಟು ಬೇಡ ಅಂತ ಹಟ ಹಿಡಿದಿದ್ದಾರೆ. ದಯವಿಟ್ಟು, ಹಕ್ಕಿಯನ್ನು ಯಾವ ಕಲಮಿನ ಅಡಿಯಲ್ಲಿ ಕೊಡಬೇಕೆಂದು ತಿಳಿಸುವುದು. ಮಂಡಿ ವಾಸಿಯಾಗಿದೆ, ಅತ್ತೆಯವರಿಗೆ ವಂದನೆಗಳು.

ಕೂಡಲೇ ಬಾಸ್‌ಗೆ ಫೋನು ಮಾಡಿ ಓದಿ ಹೇಳಿದೆ. ಆ ಕಡೆ ಬಹಳ ಹೊತ್ತು ಸದ್ದಿಲ್ಲ. ನನಗೆ ಅವರ ಎದೆಯದೇ ಭಯವಾಯಿತು.

"ಸರ್? ಇದ್ದೀರಾ?"

"ಇದ್ದೇನೆ" ಅಂದರು. ಮಹಡಿಯ ಆಫೀಸಿನಲ್ಲಿ ಕೇಳುತ್ತಿದ್ದ ಅದೇ ಗಟ್ಟಿ ದನಿ. "ಪೆನ್ನು ತಗೋ. ಒಂದು ತಿದ್ದುಪಡಿ ಬರೆಯೋಣ. ಶಾಯಿ ನೇರಳೆಯೇ ಆಗಿರಬೇಕು ಅಂತ ಹಾಕು. ಮತ್ತೆ, ಹಕ್ಕಿ ಮಸುಕಾಗಿರಕೂಡದು ಅಂತಲೂ ಸೇರಿಸು. ಇಲ್ಲದಿದ್ದರೆ ನಿಮ್ಮಪ್ಪ ಒಪ್ಪುವುದಿಲ್ಲ."